ಎರಡು ನಾಲಿಗೆಯವಳು

ಸರ್ಕಾರಿ ಆಸ್ಪತ್ರೆಯ ಹಿಂಬದಿಗೆ, ಶವಾಗಾರಕ್ಕೂ ಬಾಯ್ಲರ್ ಕೋಣೆಗೂ ನಡುವೆ ಲಾಂಡ್ರಿ. ವಾರ್ಡುಗಳಿಂದ ಬಂದ ಗಂಟುಗಳನ್ನು ಬಿಚ್ಚಿ, ರಕ್ತ ಹತ್ತಿದ ಬಟ್ಟೆಗಳನ್ನು ಬೇರೆ ಮಾಡಿ ತಣ್ಣೀರಿನ ತೊಟ್ಟಿಗೆ ಹಾಕುವುದು ಅವಳ ಕೆಲಸ. ಬಿಸಿನೀರಿಗೆ ಹಾಕಿದರೆ ಕಲೆ ಬಟ್ಟೆಯಲ್ಲೇ ಮನೆ ಮಾಡಿಬಿಡುತ್ತದೆ ಎಂಬುದು ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ. ಹದಿನೆಂಟು ವರ್ಷ ಆ ತೊಟ್ಟಿಗಳ ಮುಂದೆ ನಿಂತವಳನ್ನು ಎಲ್ಲರೂ ಲಾಂಡ್ರಿ ಅಕ್ಕ ಎನ್ನುತ್ತಿದ್ದರು. 'ಎರಡು ನಾಲಿಗೆ' ಎಂಬ ಹೆಸರು ಆಮೇಲೆ ಬಂದದ್ದು, ಪೊಲೀಸರು ಇಟ್ಟದ್ದು.

ಅವಳು ಬೆಟ್ಟದ ಕಡೆಯವಳು. ಹನ್ನೊಂದು ವರ್ಷದವಳಿದ್ದಾಗ ಬೂಟು ಹಾಕಿಕೊಂಡ ಒಬ್ಬ ಹೆಂಗಸು ಊರಿಗೆ ಬಂದಿದ್ದಳು. ತಾಯಿ ಮಗಳ ತಲೆ ಬಾಚಿ, ಕೈ ಹಿಡಿದುಕೊಂಡು ಹೋಗಿ ಆ ಹೆಂಗಸಿನ ಕೈಗೆ ಕೊಟ್ಟಳು. "ಇವರನ್ನ ಅತ್ತೆ ಅಂತ ಕರಿ" ಎಂದಷ್ಟೇ ಹೇಳಿ, ಹಿಂತಿರುಗಿ ನೋಡದೆ ಹೋದಳು. ಎರಡು ಹಗಲು ಬಸ್ಸಿನಲ್ಲಿ ಕೂತ ಮೇಲೆ ಮೂರನೆಯ ಮಹಡಿಯ ಒಂದು ಮನೆ. ಅಲ್ಲೊಬ್ಬಳು ಮುದುಕಿ, ಅವಳ ಮಗ, ಒಂದು ಟೀವಿ. ಬಟ್ಟೆ ಒಗೆಯುವ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿನಲ್ಲಿ ಇವಳ ಹಾಸಿಗೆ. ಈ ಹೊಸ ಊರಿನ ಮಾತನ್ನು ಇವಳು ಕಲಿತದ್ದು ಬೈಗುಳದಿಂದ. ಮೊದಲು ಬಂದ ಪದಗಳು 'ಒರೆಸು', 'ತೆಗಿ', 'ಬಾಯ್ಮುಚ್ಚು'. ಹದಿನೇಳು ವರ್ಷ ಆ ಮನೆಯ ಬಾಗಿಲಿನ ಬೀಗದ ಕೈ ಅವಳ ಕೈಗೆ ಬರಲಿಲ್ಲ. ಮುದುಕಿ ತೀರಿಕೊಂಡ ವಾರಕ್ಕೆ ಇವಳಿಗೆ ಜ್ವರ ಬಂತು. ಮಗ ಇವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ಆಸ್ಪತ್ರೆಯ ಗೇಟಿನ ಹತ್ತಿರ ಇಳಿಸಿ, ಗಾಡಿ ತಿರುಗಿಸಿಕೊಂಡು ಹೋದ. ಯಾರೂ ಅವಳನ್ನು ಬಿಡಿಸಲಿಲ್ಲ. ಬಿಡಿಸಬೇಕು ಎಂಬ ಕಾನೂನೂ ಆಗ ಇರಲಿಲ್ಲ.

ಜ್ವರ ಬಿಟ್ಟ ಮೇಲೂ ಅವಳು ಆಸ್ಪತ್ರೆಯಲ್ಲೇ ಉಳಿದಳು. ಬಾಯ್ಲರ್ ನೋಡಿಕೊಳ್ಳುವವನು ಅವಳನ್ನು ಮದುವೆಯಾದ. ಮಿತಭಾಷಿ ಮನುಷ್ಯ. ಮದುವೆಯಾದ ವರ್ಷ ರಜೆ ಹಾಕಿ ಅವಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದ. ತಾಯಿ ಸತ್ತು ಆರು ವರ್ಷವಾಗಿತ್ತು. ಅಣ್ಣ ಬಾಗಿಲಲ್ಲೇ ನಿಂತು, "ಪಾಲು ಕೇಳೋಕೆ ಬಂದೆಯಾ?" ಎಂದ. ವಾಪಸು ಬರುವ ದಾರಿಯುದ್ದಕ್ಕೂ ಅವಳು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಾಯಿಯನ್ನು ಕೇಳಬೇಕೆಂದು ಹದಿನೇಳು ವರ್ಷ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹೊಟ್ಟೆಯಲ್ಲೇ ಉಳಿದವು. ಅಂದಿನಿಂದ ಅವಳ ಬೆಟ್ಟದ ಮಾತು ಕೇಳುವವರು ಯಾರೂ ಇರಲಿಲ್ಲ. ಒಮ್ಮೊಮ್ಮೆ ತೊಟ್ಟಿಯ ನೀರಿನ ಮುಂದೆ ತನಗೆ ತಾನೇ ಎರಡು ಮಾತಾಡಿಕೊಳ್ಳುತ್ತಿದ್ದಳು, ಅಷ್ಟೇ.

ಅವಳಿಗೆ ನಲವತ್ತಾರು ಆದ ವರ್ಷ ಮನುಷ್ಯರ ಸಾಗಾಟ ತಡೆಯುವ ಹೊಸ ಕಾನೂನು ಬಂತು. ಯಾವ ದೇಶ ಈ ವಿಷಯದಲ್ಲಿ ಎಷ್ಟು ಮಾಡಿದೆ ಎಂದು ಹೊರಗಿನವರು ಪಟ್ಟಿ ಮಾಡುತ್ತಾರಂತೆ, ನಾವು ಪಟ್ಟಿಯ ತಳದಲ್ಲಿದ್ದೇವಂತೆ, ಮಂತ್ರಿಗಳಿಗೆ ಮುಖಭಂಗವಾಗಿದೆಯಂತೆ. ಹೀಗೆ ಮಾತು ಓಡಾಡುತ್ತಿತ್ತು. ಪೊಲೀಸ್ ಠಾಣೆಯ ಮೇಲಿನ ಮಹಡಿಯಲ್ಲಿ ಒಂದು ವಿಶೇಷ ಘಟಕ ಶುರುವಾಯಿತು. ಒಬ್ಬ ಮಹಿಳಾ ಇನ್ಸ್‌ಪೆಕ್ಟರು, ಮೂವರು ಕಾನ್‌ಸ್ಟೆಬಲ್‌ಗಳು, ಒಂದು ಹಳೇ ಜೀಪು, ಗೋಡೆ ತುಂಬ ಹೊಸ ಬೋರ್ಡು.

ಇನ್ಸ್‌ಪೆಕ್ಟರು ಕೆಟ್ಟವಳಲ್ಲ. ಎರಡು ಸಲ ದಾಳಿ ಮಾಡಿ ಎರಡು ಸಲವೂ ಬರಿಗೈಯಲ್ಲಿ ಬಂದಿದ್ದಳು. ಇವಳು ಹೊರಡುವ ಮೊದಲೇ ಸುದ್ದಿ ಹೋಗಿರುತ್ತಿತ್ತು. ಮೂರನೆಯ ಸಲ ತನ್ನ ಕಾನ್‌ಸ್ಟೆಬಲ್‌ಗಳಿಗೂ ಎಲ್ಲಿಗೆಂದು ಹೇಳದೆ ಜೀಪು ಹತ್ತಿಸಿ, ಬಂದರಿನ ಹತ್ತಿರದ ಸಿಗಡಿ ಶೆಡ್ಡಿಗೆ ನುಗ್ಗಿದಳು.

ಶೆಡ್ಡಿನಲ್ಲಿ ಹದಿನಾಲ್ಕು ಹುಡುಗಿಯರು ಸಿಕ್ಕಿದರು. ಮಂಜುಗಡ್ಡೆಯ ನೀರಿನಲ್ಲಿ ನಿಂತು ಸಿಗಡಿಯ ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನರ ಎಳೆದು ತೆಗೆಯುವುದು ಅವರ ಕೆಲಸ. ಬೆಳಗ್ಗೆ ಬೆಳಕು ಹರಿಯುವ ಮೊದಲು ಕೆಳಗಿಳಿಸಿ, ಕ್ರೇಟುಗಳೆಲ್ಲ ಖಾಲಿಯಾದ ಮೇಲೆ ಮೇಲಿನ ಕೋಣೆಗೆ ಹತ್ತಿಸಿ ಬೀಗ ಹಾಕುತ್ತಿದ್ದರು. ಆ ಬೀಗದ ಕೈ ಇದ್ದದ್ದು ಮೇಸ್ತ್ರಿ ಹೆಂಗಸಿನ ಸೊಂಟದಲ್ಲಿ. ಮಾಲೀಕನನ್ನೂ ಮೇಸ್ತ್ರಿಯನ್ನೂ ಒಂದು ಗಾಡಿಯಲ್ಲಿ ಠಾಣೆಗೆ, ಹುಡುಗಿಯರನ್ನು ಇನ್ನೊಂದು ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದರು.

ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ಊರಿನ ಮಾತು ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರು ಏನು ಕೇಳಿದರೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಕೊನೆಗೆ ವಾರ್ಡಿನ ನರ್ಸಮ್ಮನಿಗೆ ನೆನಪಾಯಿತು.

"ನಮ್ಮ ಲಾಂಡ್ರಿ ಅಕ್ಕ ಬೆಟ್ಟದವಳು ಮೇಡಂ. ಅವಳನ್ನ ಕರೆಸಿ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಬೆಂಚಿನ ಮೇಲೆ ಒತ್ತಿಕೊಂಡು ಕೂತವರನ್ನು ನೋಡಿ, "ಏನಾದ್ರೂ ತಿಂದ್ರಾ?" ಎಂದು ಬೆಟ್ಟದ ಮಾತಿನಲ್ಲಿ ಕೇಳಿದಳು. ಹದಿನಾಲ್ಕು ತಲೆ ಒಟ್ಟಿಗೇ ಮೇಲೆದ್ದವು. ತುದಿಯಲ್ಲಿ ಕೂತಿದ್ದ ಎಲ್ಲರಿಗಿಂತ ಚಿಕ್ಕವಳು ಎದ್ದು ಬಂದು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹನ್ನೆರಡು ಇರಬಹುದು. ಬೆರಳ ತುದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಉಳಿದವರು ಅವಳನ್ನು ಗುಬ್ಬಿ ಎನ್ನುತ್ತಿದ್ದರು.

ಮೂರು ದಿನ ಹೇಳಿಕೆ ನಡೆಯಿತು. ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಹೇಳಿದರು. ಮಾಲೀಕ ಹೊಡೆಯುತ್ತಿದ್ದದ್ದು, ಜ್ವರ ಬಂದವಳನ್ನು ಮಂಜುಗಡ್ಡೆಯ ಕೋಣೆಯಲ್ಲಿ ಕೂಡಿಹಾಕಿದ್ದು, ಅವಳು ಬೆಳಗ್ಗೆ ಏಳದೇ ಹೋದದ್ದು. ಲಾಂಡ್ರಿ ಅಕ್ಕ ಒಂದು ಪದವನ್ನೂ ಬಿಡದೆ ಊರಿನ ಮಾತಿಗೆ ತಂದಳು. ಕಾನ್‌ಸ್ಟೆಬಲ್‌ಗಳು ನಗುತ್ತ, "ನಮ್ಮ ಎರಡು ನಾಲಿಗೆ ಬಂದ್ಲು" ಎನ್ನಲು ಶುರುಮಾಡಿದ್ದು ಆಗಲೇ.

ಮನೆಯಲ್ಲಿ ಗಂಡ ಅದನ್ನು ಕೇಳಿ, "ನಂಗೆ ಇರೋ ಒಂದೇ ಸರಿಯಾಗಿ ಓಡಲ್ಲ. ನಿಂಗೆ ಎರಡು ಕೊಟ್ಟು ದೇವ್ರು ಸರಿ ತೂಗಿಸಿದಾನೆ" ಎಂದ. ಅವಳಿಗೆ ನಗು ಬಂತು. ಬಹಳ ದಿನದ ಮೇಲೆ ತಾನು ಯಾರಿಗೋ ಬೇಕಾದವಳು ಎನ್ನಿಸಿತ್ತು.

ಗುಬ್ಬಿ ಮಾತ್ರ ಬಾಯಿ ಬಿಡಲಿಲ್ಲ. ಮೂರನೆಯ ದಿನ ಲಾಂಡ್ರಿ ಅಕ್ಕ ಅವಳನ್ನು ತೊಡೆಯ ಹತ್ತಿರ ಕೂರಿಸಿಕೊಂಡು, "ನನ್ನನ್ನ ದೊಡ್ಡಮ್ಮ ಅಂದ್ಕೋ. ಹೇಳು ಮಗಾ" ಎಂದಳು.

"ಹೇಳಿದ್ರೆ ಮನೆಗೆ ಕಳಿಸ್ತಾರಾ?" ಎಂದಿತು ಮಗು.

ಅವಳು ಇನ್ಸ್‌ಪೆಕ್ಟರನ್ನು ಕೇಳಿದಳು. ಇನ್ಸ್‌ಪೆಕ್ಟರು ಕಾಗದದಿಂದ ತಲೆ ಎತ್ತದೆ, "ಕಳಿಸ್ತೀವಿ ಅಂತ ಹೇಳು" ಎಂದಳು. ಅವಳು ಹಾಗೇ ಹೇಳಿದಳು.

ಗುಬ್ಬಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ ಹೇಳಿತು. "ಅಮ್ಮ ನನ್ನನ್ನ ಮಾಲೀಕನಿಗೆ ಕೊಟ್ಟಳು. ನಾನು ಐದನೆಯವಳು."

ಬೆಟ್ಟದ ಮಾತಿನಲ್ಲಿ ಅದಕ್ಕೆ ಒಂದೇ ಪದ. ಕೊಡುವುದಕ್ಕೂ ಅದೇ, ಒಪ್ಪಿಸುವುದಕ್ಕೂ ಅದೇ, ಬಿಟ್ಟು ಬರುವುದಕ್ಕೂ ಅದೇ, ಸಂತೆಯಲ್ಲಿ ಮೇಕೆ ಮಾರುವುದಕ್ಕೂ ಅದೇ.

"ಕೊಟ್ಟಳು ಅಂದ್ರೆ?" ಇನ್ಸ್‌ಪೆಕ್ಟರು ಪೆನ್ನು ಹಿಡಿದು ಕೂತಿದ್ದಳು. "ಸರಿಯಾಗಿ ಹೇಳಮ್ಮ. ಮಾರಿದಳು ತಾನೆ?"

ಲಾಂಡ್ರಿ ಅಕ್ಕನಿಗೆ ತಲೆ ಬಾಚಿದ ಕೈ ನೆನಪಾಯಿತು, ಬೂಟಿನ ಹೆಂಗಸು ನೆನಪಾದಳು, ಹಿಂತಿರುಗಿ ನೋಡದೆ ನಡೆದುಹೋದ ಬೆನ್ನು ನೆನಪಾಯಿತು. ಅವಳು ಮಗುವಿನ ಕಡೆ ನೋಡದೆ, ಪೆನ್ನಿನ ಕಡೆ ನೋಡಿ ಹೇಳಿದಳು.

"ಹೌದು ಮೇಡಂ. ಮಾರಿದಳು."

ಇನ್ಸ್‌ಪೆಕ್ಟರು ಬರೆದುಕೊಂಡಳು. ಐದನೆಯವಳು ಅಂದರೆ ಏನೆಂದು ಲಾಂಡ್ರಿ ಅಕ್ಕ ಮಗುವನ್ನು ಕೇಳಲಿಲ್ಲ, ಆ ಮಾತನ್ನು ಊರಿನ ಭಾಷೆಗೆ ತರಲೂ ಇಲ್ಲ.

"ಅಮ್ಮ ಎಲ್ಲಿದಾಳೆ ಅಂತ ಕೇಳು. ಹಿಡಿಯೋಣ" ಎಂದಳು ಇನ್ಸ್‌ಪೆಕ್ಟರು.

ಮಗು ಇನ್ಸ್‌ಪೆಕ್ಟರ ಮುಖವನ್ನೇ ನೋಡಿ, "ನೀವೇ ಕರ್ಕೊಂಡು ಹೋದ್ರಲ್ಲ. ಬೀಗದ ಕೈ ಇತ್ತಲ್ಲ, ಅವಳೇ" ಎಂದಿತು.

ಮರುದಿನ ಲಾಂಡ್ರಿ ಅಕ್ಕನನ್ನು ಲಾಕಪ್ಪಿನ ಮುಂದೆ ಕೂರಿಸಿದರು. ಕಂಬಿಯ ಆಚೆ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೂವತ್ತೆರಡರವಳು, ನೋಡಲು ಐವತ್ತರವಳ ಹಾಗಿದ್ದಳು. ಕೈಬೆರಳುಗಳು ಮಗಳ ಬೆರಳಿನಂತೆಯೇ ಸುಲಿದಿದ್ದವು. ಬೆಟ್ಟದ ಮಾತು ಕಿವಿಗೆ ಬಿದ್ದದ್ದೇ ತಡ, ಕಟ್ಟೆ ಒಡೆದಂತೆ ಮಾತಾಡಿದಳು.

ಆರು ವರ್ಷದ ಹಿಂದೆ ಗಂಡ ಸತ್ತ ಮೇಲೆ, ಮೂರು ತಿಂಗಳ ಕೆಲಸ ಎಂದು ನಂಬಿಸಿ ಯಾರೋ ಅವಳನ್ನು ಶೆಡ್ಡಿಗೆ ತಂದಿದ್ದರು. ಮಗಳನ್ನು ನಾದಿನಿಯ ಹತ್ತಿರ ಬಿಟ್ಟು ಬಂದಿದ್ದಳು. ಎರಡು ಸಲ ಓಡಿಹೋದಳು, ಎರಡು ಸಲವೂ ಪೊಲೀಸಿನವನೇ ಹಿಡಿದು ತಂದು ಒಪ್ಪಿಸಿದ. ನಾಲ್ಕನೆಯ ವರ್ಷ ಮಾಲೀಕ, ಅವಳನ್ನು ತಂದವನ ಬಾಯಿಂದ ಹೇಳಿಸಿದ, ಐದು ಜನರನ್ನ ತಂದುಬಿಡು, ನಿನ್ನನ್ನ ಊರಿಗೆ ಬಿಡ್ತೀನಿ.

"ನಾಲ್ಕು ಜನರನ್ನ ತಂದೆ ಅಕ್ಕಾ. ಸುಳ್ಳು ಹೇಳಿ ತಂದೆ. ಐದನೆಯವಳು ಸಿಗಲಿಲ್ಲ. ಊರಲ್ಲಿ ನನ್ನ ಮುಖ ನೋಡಿದ್ರೆ ಬಾಗಿಲು ಹಾಕ್ಕೋತಿದ್ರು."

"ಅದಕ್ಕೆ ಹೊಟ್ಟೆಯಲ್ಲಿ ಹುಟ್ಟಿದ್ದನ್ನ ತಂದೆಯಾ?"

"ನಾದಿನಿ ಮನೇಲಿ ಅದಕ್ಕೆ ಹೊಟ್ಟೆಗೂ ಇರಲಿಲ್ಲ. ಮೊದಲು ನಾನು ಹೊರಗೆ ಬಂದುಬಿಡ್ತೀನಿ, ಆಮೇಲೆ ಯಾರ ಕಾಲಾದ್ರೂ ಹಿಡಿದು ಅದನ್ನ ಬಿಡಿಸ್ಕೋತೀನಿ ಅಂತ ಲೆಕ್ಕ ಹಾಕಿದೆ." ಸುಲಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು. "ನಿಜವಾಗ್ಲೂ ಬಿಡಿಸ್ಕೋತಿದ್ದೆನಾ ಅಂತ ಕೇಳಬೇಡ. ಗೊತ್ತಿಲ್ಲ. ಮಾಲೀಕ ಹೇಗೂ ಬಿಡಲಿಲ್ಲ. ನಕ್ಕು, ಬೀಗದ ಕೈ ಕೊಟ್ಟ. ನೀನೇ ಇವರನ್ನ ಕಾಯ್ಕೋ ಅಂದ."

ಲಾಂಡ್ರಿ ಅಕ್ಕ ಅಷ್ಟನ್ನೂ ಊರಿನ ಮಾತಿನಲ್ಲಿ ಹೇಳಿದಳು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದಳು.

"ಅಯ್ಯೋ ಪಾಪ ಅನ್ಸುತ್ತೆ. ಆದ್ರೆ ನಾಲ್ಕು ಜನರನ್ನ ತಂದಿದ್ದು ಇವಳು, ಬೀಗ ಹಾಕಿದ್ದು ಇವಳು. ಮಾಲೀಕ ಏನಂತಾನೆ ಗೊತ್ತಾ? ಕೂಲಿಯವರ ವ್ಯವಹಾರ ಎಲ್ಲ ಮೇಸ್ತ್ರಿಯದು, ನಂಗೇನೂ ಗೊತ್ತಿಲ್ಲ ಅಂತಾನೆ."

ಮೇಸ್ತ್ರಿ ಕಂಬಿ ಹಿಡಿದು ಕೇಳಿದಳು. "ನನ್ನ ಮಗು ಏನು ಹೇಳಿದಳು ನನ್ನ ಬಗ್ಗೆ?"

"ಕೊಟ್ಟಳು ಅಂದಳು."

"ಅಷ್ಟೇನಾ?"

"ಅಷ್ಟೇ" ಎಂದಳು ಲಾಂಡ್ರಿ ಅಕ್ಕ. ಕಾಗದದಲ್ಲಿ ಏನಿದೆಯೆಂದು ಹೇಳುವ ಧೈರ್ಯ ಬರಲಿಲ್ಲ.

ಮೊಕದ್ದಮೆ ಕೋರ್ಟಿನ ಕಟ್ಟೆ ಹತ್ತಲು ಎರಡು ವರ್ಷ ಹಿಡಿಯಿತು. ಮಾಲೀಕನಿಗೆ ಹದಿನೈದೇ ದಿನದಲ್ಲಿ ಜಾಮೀನು ಸಿಕ್ಕಿತು. ಮೇಸ್ತ್ರಿಗೆ ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ಸಾಕ್ಷಿಗಳು ಊರಿಗೆ ಹೋದರೆ ಮತ್ತೆ ಸಿಗುವುದಿಲ್ಲವೆಂದು ಹದಿನಾಲ್ಕು ಹುಡುಗಿಯರನ್ನೂ ರಕ್ಷಣಾ ಗೃಹದಲ್ಲಿ ಇಟ್ಟರು. ಎತ್ತರದ ಕಾಂಪೌಂಡು, ಮೇಲೆ ಗಾಜಿನ ಚೂರು, ಗೇಟಿಗೆ ಹೊರಗಿನಿಂದ ಬೀಗ. ಹುಡುಗಿಯರು ಅಲ್ಲಿ ಬೆಳಗ್ಗೆ ಎದ್ದು ಪ್ರಾರ್ಥನೆ ಹಾಡಿ, ಮಧ್ಯಾಹ್ನ ಕಾಗದದ ಕವರು ಅಂಟಿಸುತ್ತಿದ್ದರು. ಲಾಂಡ್ರಿ ಅಕ್ಕ ರಜೆಯ ದಿನ ಹೋಗಿ ನೋಡಿ ಬರುತ್ತಿದ್ದಳು. ಗುಬ್ಬಿ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಹೇಳಿದ್ರೆ ಕಳಿಸ್ತಾರೆ ಅಂದ್ಯಲ್ಲ ದೊಡ್ಡಮ್ಮ. ಹೇಳಿದ್ನಲ್ಲ."

ಒಂದು ವರ್ಷ ಕಳೆದ ಮೇಲೆ ಕೇಳುವುದನ್ನೂ ಬಿಟ್ಟಳು. ಅಷ್ಟರಲ್ಲಿ ಅವಳಿಗೆ ಊರಿನ ಮಾತು ಬಂದಿತ್ತು. ವಾರ್ಡನ್ ತೋರಿಸಿದ ತನ್ನ ಹೇಳಿಕೆಯ ಪ್ರತಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಆ ಭಾನುವಾರ ಲಾಂಡ್ರಿ ಅಕ್ಕ ಹೋದಾಗ ಬೆಟ್ಟದ ಮಾತಿನಲ್ಲಲ್ಲ, ಊರಿನ ಮಾತಿನಲ್ಲಿ ಕೇಳಿದಳು.

"ನಾನು ಮಾರಿದಳು ಅಂತ ಯಾವಾಗ ಹೇಳಿದೆ?"

ಗುಬ್ಬಿ ಎದ್ದು ಒಳಗೆ ಹೋದಳು. ಮತ್ತೆ ಅವಳನ್ನು ನೋಡಲು ಹೊರಗೆ ಬರಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು "ತಪ್ಪು ಬಿದ್ದಿದ್ರೆ ಕೋರ್ಟಲ್ಲೇ ಸರಿಮಾಡು. ಇನ್ನೆಲ್ಲೂ ಮಾಡಕ್ಕಾಗಲ್ಲ" ಎಂದ.

ಅವಳು ಸರ್ಕಾರಿ ವಕೀಲರ ಹತ್ತಿರ ಹೋದಳು. ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಒಂದು ಪದ ಅಲ್ವಾ? ಬಿಡಮ್ಮ. ಈಗ ನೀನು ಬಾಯಿ ಬಿಟ್ರೆ ಹದಿನಾಲ್ಕು ಹೇಳಿಕೆಗೂ ಕಲ್ಲು ಬೀಳುತ್ತೆ. ಎಲ್ಲ ನಿನ್ನ ಬಾಯಿಂದ ಬಂದಿದ್ದು."

ಆದರೂ ಸಾಕ್ಷಿ ಹೇಳುವ ದಿನ ಅವಳಿಂದ ಸುಮ್ಮನಿರಲು ಆಗಲಿಲ್ಲ. ಆರೋಪಿಗಳ ಕಟಕಟೆಯಲ್ಲಿ ಮೇಸ್ತ್ರಿ ನಿಂತಿದ್ದಳು. ಎರಡು ಮಾರು ಆಚೆ ಇಸ್ತ್ರಿ ಅಂಗಿಯ ಮಾಲೀಕ ಕುರ್ಚಿಯಲ್ಲಿ ಕೂತಿದ್ದ, ಅವನಿಗೆ ಬೆನ್ನುನೋವಂತೆ. ಅವಳು ನ್ಯಾಯಾಧೀಶರ ಕಡೆ ತಿರುಗಿ ಕೈ ಮುಗಿದಳು.

"ಸ್ವಾಮಿ, ಮಗು ಮಾರಿದಳು ಅನ್ನಲಿಲ್ಲ. ಕೊಟ್ಟಳು ಅಂತು. ನಮ್ಮ ಮಾತಲ್ಲಿ ಎರಡಕ್ಕೂ ಒಂದೇ ಪದ. ನಾನು ಮಾರಿದಳು ಅಂತ ಹೇಳಿಬಿಟ್ಟೆ."

"ಯಾಕೆ ಹಾಗೆ ಹೇಳಿದೆ?"

"ನನ್ನ ತಾಯಿ ಮೇಲಿನ ಸಿಟ್ಟಿಗೆ."

ಕೋರ್ಟಿನಲ್ಲಿ ಯಾರೋ ನಕ್ಕರು. ಮಾಲೀಕನ ವಕೀಲ ನಗಲಿಲ್ಲ. ಅವನು ಇಂಥದ್ದೊಂದು ಗಳಿಗೆಗೆ ಮೈಯೆಲ್ಲ ಕಿವಿಯಾಗಿ ಎರಡು ವರ್ಷದಿಂದ ಕೂತಿದ್ದವನ ಹಾಗೆ ಎದ್ದ.

"ನಿನ್ನನ್ನೂ ಚಿಕ್ಕವಳಿದ್ದಾಗ ಯಾರೋ ಕೆಲಸಕ್ಕೆ ತಂದಿದ್ರು ಅಲ್ವಾ?"

"ಹೌದು."

"ಒಡೆಯರು ಅನ್ನೋರ ಮೇಲೆಲ್ಲ ನಿನಗೆ ಹಗೆ ಅಲ್ವಾ?"

"ನಂಗೆ ಯಾರ ಮೇಲೂ..."

"ಎಷ್ಟನೇ ಕ್ಲಾಸು ಓದಿದೀಯ?"

"ಓದಿಲ್ಲ."

"ಪೊಲೀಸರು ನಿನ್ನನ್ನ ಏನಂತ ಕರೀತಾರೆ?"

ಅವಳು ತಲೆ ತಗ್ಗಿಸಿದಳು. ಅವನು ಬಿಡಲಿಲ್ಲ. ಅವಳು ಹೇಳಿದಳು. ಈ ಸಲ ನಗು ಜೋರಾಗಿ ಬಂತು, ನ್ಯಾಯಾಧೀಶರು ಮೇಜು ಕುಟ್ಟಬೇಕಾಯಿತು.

ಅಲ್ಲಿಗೆ ಹದಿನಾಲ್ಕು ಹೇಳಿಕೆಗಳ ಕಥೆ ಮುಗಿಯಿತು. ಹೊಡೆದದ್ದು, ಕೂಡಿಹಾಕಿದ್ದು, ಮಂಜುಗಡ್ಡೆಯ ಕೋಣೆಯಲ್ಲಿ ಸತ್ತ ಹುಡುಗಿ, ಎಲ್ಲವೂ ನಂಬಲರ್ಹವಲ್ಲದ ದುಭಾಷಿಯ ಬಾಯಿಂದ ಬಂದ ಮಾತಾದವು. ದೊಡ್ಡ ಹುಡುಗಿಯರನ್ನು ಇನ್ನೊಮ್ಮೆ ಕೇಳೋಣವೆಂದರೆ ಅವರಿಗೆ ಊರು ಸೇರಿದರೆ ಸಾಕಾಗಿತ್ತು. ಏನು ಕೇಳಿದರೂ ನೆನಪಿಲ್ಲ ಎಂದರು. ಗುಬ್ಬಿ ಕೋರ್ಟಿಗೆ ಬರಲು ಒಪ್ಪಲೇ ಇಲ್ಲ. ಗಡಿಯ ಕಡೆಯಿಂದ ಬೆಟ್ಟದ ಮಾತು ಅರ್ಧಂಬರ್ಧ ಬರುವ ಒಬ್ಬ ಗುಮಾಸ್ತನನ್ನು ಹುಡುಕಿ ತಂದರು. ಅವನು ಮೇಸ್ತ್ರಿಯನ್ನು ಕೇಳಿದ್ದು ಮೂರೇ ಪ್ರಶ್ನೆ. ನಾಲ್ಕು ಜನರನ್ನ ತಂದದ್ದು ನೀನೇನಾ? ಮಗಳನ್ನ ತಂದದ್ದು ನೀನೇನಾ? ಬೀಗ ಹಾಕುತ್ತಿದ್ದದ್ದು ನೀನೇನಾ? ಮೂರಕ್ಕೂ ಅವಳು ಹೌದೆಂದಳು. ಯಾಕೆ ಎಂದು ಕೇಳುವಷ್ಟು ಮಾತು ಅವನಿಗೆ ಬರುತ್ತಿರಲಿಲ್ಲ.

ತೀರ್ಪಿನ ದಿನ ಆ ಗುಮಾಸ್ತ ಬರಲಿಲ್ಲ, ಬಸ್ಸು ಕೆಟ್ಟಿತಂತೆ. ಲಾಂಡ್ರಿ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಬೆಂಚ್ ಕ್ಲರ್ಕು ಅತ್ತಿತ್ತ ನೋಡಿ ಅವಳಿಗೆ ಕೈ ಮಾಡಿದ.

"ಬಾಮ್ಮ ಇಲ್ಲಿ. ಅವಳಿಗೆ ತಿಳಿಸಿಬಿಡು. ಬರೀ ಶಿಕ್ಷೆ ಎಷ್ಟು ಅಂತ ಹೇಳಿದ್ರೆ ಸಾಕು."

ಅವಳು ಕಟಕಟೆಯ ಹತ್ತಿರ ಹೋಗಿ ನಿಂತಳು.

"ಹತ್ತು ವರ್ಷ."

ಮೇಸ್ತ್ರಿ ತಲೆಯಾಡಿಸಿದಳು. "ಮಾಲೀಕನಿಗೆ?"

"ಬಿಟ್ಟರು."

"ಮಗು ಬಂದಿದಾಳಾ?"

"ಇಲ್ಲ."

ಮೇಸ್ತ್ರಿ ಅವಳ ಮುಖವನ್ನು ದಿಟ್ಟಿಸಿ, ಕೋರ್ಟಿನಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದು ಕಲಿತಿದ್ದ 'ಮಾರಿದೆ' ಎಂಬ ಊರಿನ ಪದವನ್ನು ಬೆಟ್ಟದ ಮಾತಿನ ನಡುವೆ ಸೇರಿಸಿ, "ಒಂದು ಕಾಸು ನನ್ನ ಕೈಗೆ ಬಂದಿದ್ರೆ ಮಾರಿದೆ ಅನ್ನು ಅಕ್ಕಾ. ನಾನು ಹೊರಗೆ ಬರಬೇಕಿತ್ತು, ಅಷ್ಟೇ" ಎಂದಳು. ಏನು ಹೇಳುತ್ತಿದ್ದಾಳೆ ಎಂದು ಕ್ಲರ್ಕು ಕೇಳಿದ. ಏನಿಲ್ಲ ಎಂದಳು ಲಾಂಡ್ರಿ ಅಕ್ಕ.

ಹೊಸ ಕಾನೂನಿನಡಿ ಮೊದಲ ಶಿಕ್ಷೆ ಎಂದು ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು. ಘಟಕದ ಮೆಟ್ಟಿಲ ಮೇಲೆ ಎಲ್ಲರೂ ನಿಂತ ಫೋಟೋ. ದೇಶ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೇರಿತಂತೆ. ಇನ್ಸ್‌ಪೆಕ್ಟರು ಬಡ್ತಿ ಸಿಕ್ಕಿ ಬೇರೆ ಊರಿಗೆ ಹೋದಳು. ಹೋಗುವ ಮೊದಲು ಲಾಂಡ್ರಿಗೆ ಬಂದು ಬಾಗಿಲಲ್ಲಿ ನಿಂತು, "ನೀನು ಸುಮ್ಮನಿದ್ದಿದ್ರೆ ಅವನೂ ಒಳಗೆ ಹೋಗ್ತಿದ್ದ" ಎಂದಳು. ಬೈಗುಳದ ಹಾಗಿರಲಿಲ್ಲ ಅದು, ಸುಸ್ತಾದವಳ ಮಾತಿನ ಹಾಗಿತ್ತು. ಸಿಗಡಿ ಶೆಡ್ಡು ಬೇರೆ ಬಣ್ಣ ಬಳಿದುಕೊಂಡು, ಬೇರೆ ಬೋರ್ಡು ಹಾಕಿಕೊಂಡು ಮತ್ತೆ ತೆರೆಯಿತು.

ಹದಿಮೂರು ಹುಡುಗಿಯರನ್ನು ಬಸ್ಸು ಹತ್ತಿಸಿದರು. ಗುಬ್ಬಿಯನ್ನು ಕಳಿಸಲಿಲ್ಲ. ತಾಯಿ ಜೈಲಿನಲ್ಲಿ, ನಾದಿನಿ ಬೇಡವೆಂದು ಹೆಬ್ಬೆಟ್ಟು ಒತ್ತಿ ಕಳಿಸಿದ್ದಳು. ಹದಿನೆಂಟು ತುಂಬುವವರೆಗೆ ಗೃಹದಲ್ಲೇ ಇರಲಿ ಎಂದು ಆದೇಶವಾಯಿತು. ಅವಳು ಬೆಟ್ಟದ ಮಾತನ್ನು ಪೂರ್ತಿ ಬಿಟ್ಟಳು. ಯಾರಾದರೂ ಊರು ಯಾವುದೆಂದು ಕೇಳಿದರೆ, ಇದೇ ಎನ್ನುತ್ತಾಳೆ ಎಂದು ವಾರ್ಡನ್ ಹೇಳಿದಳು.

ಲಾಂಡ್ರಿ ಅಕ್ಕ ಮೊದಲ ಸಲ ಜೈಲಿಗೆ ಹೋದದ್ದು ಕಾಲು ಹಿಡಿಯಬೇಕೆಂದು. ಜಾಲರಿಯ ಆಚೆ ಕಾಲು ಕಾಣುತ್ತಿರಲಿಲ್ಲ. ಮೇಸ್ತ್ರಿ ಬಂದು ಕೂತಳು. ತಲೆಗೂದಲು ಕತ್ತರಿಸಿದ್ದರು.

"ತಪ್ಪಾಯ್ತು ತಂಗಿ" ಎಂದಳು ಇವಳು.

"ನನ್ನನ್ನ ತಂಗಿ ಅನ್ನಬೇಡ." ಮೇಸ್ತ್ರಿ ಜಾಲರಿಯ ಒಂದು ಕಣ್ಣಿಗೆ ಬೆರಳು ತೂರಿಸಿ, ತೆಗೆದಳು. ಭೇಟಿಯ ಹೊತ್ತು ಅರ್ಧ ಮುಗಿದಿತ್ತು. "ನಿನ್ನ ಮುಖ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಆದ್ರೂ ಬಾ. ಇಲ್ಲಿ ನನ್ನ ಮಾತು ಯಾರಿಗೂ ಬರಲ್ಲ. ತೀರ್ಪಿನ ದಿನ ನಿನ್ನ ಹತ್ರ ಆಡಿದ ಮೇಲೆ ನಾಲ್ಕು ತಿಂಗಳಿಂದ ನಾನು ಒಂದು ಮಾತು ಆಡಿಲ್ಲ."

ಅಂದಿನಿಂದ ತಿಂಗಳಿಗೊಮ್ಮೆ ಭಾನುವಾರ ಅವಳು ಹೋಗುತ್ತಾಳೆ. ಮೇಸ್ತ್ರಿ ಮೊದಲು ಮಗಳನ್ನು ಕೇಳುತ್ತಾಳೆ. ಗೇಟಿನ ಸಂದಿನಿಂದ ಕಂಡಷ್ಟನ್ನು ಇವಳು ಹೇಳುತ್ತಾಳೆ. ಎತ್ತರವಾಗಿದ್ದಾಳೆ, ಎರಡು ಜಡೆ ಹಾಕಿದ್ದಾರೆ, ಕಾಲಿಗೆ ಚಪ್ಪಲಿ ಇದೆ. ಆಮೇಲೆ ಮೇಸ್ತ್ರಿ ಬೈಯುತ್ತಾಳೆ. ಬೆಟ್ಟದಲ್ಲಿ ಮಾತ್ರ ಇರುವ, ಇವಳು ಚಿಕ್ಕಂದಿನಲ್ಲಿ ತಾಯಿಯ ಬಾಯಲ್ಲಿ ಕೇಳಿದ್ದ ಬೈಗುಳಗಳು. ಬೈದು ಸಾಕಾದ ಮೇಲೆ ಹೊಳೆ ದಾಟುವ ಜಾಗ, ಮೇಕೆ ಕಳೆದದ್ದು, ಯಾರದೋ ಮನೆಯ ಸೊಟ್ಟ ಬಾಗಿಲು, ಹೀಗೆ ಏನೇನೋ ಹೇಳುತ್ತ ಹೋಗುತ್ತಾಳೆ. ಗಂಟೆ ಹೊಡೆದಾಗ ಹೋಗಿಬಾ ಎನ್ನದೆ ಎದ್ದು ಹೋಗುತ್ತಾಳೆ.

ಶನಿವಾರ ಲಾಂಡ್ರಿಯಲ್ಲಿ ಬೇಗ ಕೆಲಸ ಮುಗಿಸಿ ಸೀರೆ ಇಸ್ತ್ರಿ ಮಾಡಿಟ್ಟುಕೊಳ್ಳುವ ಹೆಂಡತಿಯನ್ನು ಗಂಡ ಗಮನಿಸಿದ್ದಾನೆ, ಏನೂ ಕೇಳಿಲ್ಲ. ಆ ಭಾನುವಾರಕ್ಕಾಗಿ ತಾನು ತಿಂಗಳಿಡೀ ಕಾಯುತ್ತೇನೆ ಎಂಬುದನ್ನು ಅವಳು ಅವನಿಗೂ ಹೇಳಿಲ್ಲ. ಮೇಸ್ತ್ರಿಯ ಶಿಕ್ಷೆ ಮುಗಿಯಲು ಇನ್ನೂ ಏಳು ವರ್ಷ ಇದೆ.